ಎಲೆಗೆಂದೇ ಇಟ್ಟ ಬಟ್ಟೆ

ಫೆಬ್ರವರಿ ೬

ತಂಗೀ,

ಮೂರು ವರ್ಷದ ಮೇಲೆ ನಿನ್ನಿಂದ ಒಂದು ಲಕೋಟೆ ಬಂತು. ಕೈ ತೊಳೆದು, ಕನ್ನಡಕ ಹುಡುಕಿ, ದೇವರ ಮುಂದೆ ಕುಳಿತು ಒಡೆದೆ. ಒಳಗೆ ಏನಿತ್ತು? ಅಚ್ಚಿನ ಫಾರಂ. "ಮಾನ್ಯರೇ" ಎಂದು ಶುರು. ಒಂದೇ ಹೊದಿಕೆಯಡಿ ಮಲಗಿದ ಅಕ್ಕ ನಿನಗೆ ಮಾನ್ಯರೇ ಆದಳು. ಸಂತೋಷ.

ಅಡಿಯಲ್ಲಿ ನಿನ್ನ ಕೈಬರಹ. "ನಮ್ಮ ಪ್ರಯೋಗಾಲಯದವರು ಜನ ಗಾಯಕ್ಕೆ ಕಟ್ಟುವ ಎಲೆಗಳನ್ನು ತರಿಸಿ, ಸಾರ ತೆಗೆದು ಅಳೆಯುತ್ತಿದ್ದಾರೆ, ಎಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತಾರೆ. ನಿನ್ನದನ್ನೂ ಕಳಿಸು. ಅದರಲ್ಲಿ ಏನಿದೆ ಎಂದು ಒಂದು ಸಲ ಗೊತ್ತಾಗಿಹೋಗಲಿ."

ಗೊತ್ತಾಗಿಹೋಗಲಿ ಎಂದರೆ ಏನರ್ಥ ಎಂದು ನನಗೆ ತಿಳಿಯುತ್ತದೆ. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಕಿವಿ ಪೂರ್ತಿ ಓದಿದೆ. ಅಮ್ಮನ ಹಿಮ್ಮಡಿಯ ಹುಣ್ಣಿಗೆ ನಾನು ಆರು ವಾರ ಎಲೆ ಕಟ್ಟಿದೆ. ನೀನು ಬಂದೆ, ಸೆರಗಿನಿಂದ ಮೂಗು ಮುಚ್ಚಿಕೊಂಡೆ, "ಹುಲ್ಲು ಕಟ್ಟಿ ಸಾಯಿಸ್ತಿದ್ದೀಯಲ್ಲೇ ಅಕ್ಕಾ" ಎಂದು ಅವಳನ್ನು ಕಾರಿಗೆ ಹತ್ತಿಸಿಕೊಂಡು ಹೋದೆ. ಆಸ್ಪತ್ರೆಯವರು ಮೊಣಕಾಲಿನಿಂದ ಕೆಳಗೆ ತೆಗೆದರು. ಹತ್ತೊಂಬತ್ತನೇ ದಿನಕ್ಕೆ ಅಮ್ಮನೂ ಇಲ್ಲ. ಅವತ್ತಿನಿಂದ ನೀನು ಮಾತು ಬಿಟ್ಟೆ, ನಾನೇನು ಹಿಂದೆ ಬಿದ್ದು ಬರಲಿಲ್ಲ.

ಸರಿ, ಅಳೆಯಿರಿ. ಆದರೆ ಒಂದು ಕರಾರು. ಎಲೆಯಲ್ಲಿ ಗುಣವಿದೆ ಎಂದು ನಿಮ್ಮ ಅಳತೆಯಲ್ಲೇ ಬಂದರೆ, "ಅಮ್ಮನನ್ನು ಅಕ್ಕನ ಕೈಯಿಂದ ಕಿತ್ತುಕೊಂಡು ಹೋದದ್ದು ನನ್ನ ತಪ್ಪು" ಎಂದು ಬರೆದು, ಸಹಿ ಹಾಕಿ ಕಳಿಸಬೇಕು. ಗುಣವಿಲ್ಲ ಎಂದು ಬಂದರೆ ಅಂಥದ್ದೇ ಕಾಗದ ನಾನು ಬರೆಯುತ್ತೇನೆ. ದೇವರು ನೋಡುತ್ತಿದ್ದಾನೆ. ನನಗೇನೂ ಹೆದರಿಕೆಯಿಲ್ಲ.

ಫಾರಂ ತುಂಬಿದ್ದೇನೆ. ಎಷ್ಟು ಕಾಲಂ ಅದರಲ್ಲಿ! ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಗಿಡ ಇರುವ ಜಾಗ: ಹಿಂದಿನ ಗೋಡೆ, ನಲ್ಲಿಯ ಪಕ್ಕ. ಕಿತ್ತ ಹೊತ್ತು: ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ. ಬಳಸುವ ಮುನ್ನ ಸಿದ್ಧಪಡಿಸುವ ಕ್ರಮ: ಶುದ್ಧ ಮನಸ್ಸಿನಿಂದ. ಅದಕ್ಕಿಂತ ಹೆಚ್ಚಿನದನ್ನು ಗೋಡೆಯಾಚೆಯವರಿಗೆ ನಾನು ಹೇಳುವುದಿಲ್ಲ. ವಿಧಾನ ಹೇಳಿಕೊಟ್ಟವರು: ಖಾಲಿ ಬಿಟ್ಟಿದ್ದೇನೆ. ಗಿಡ ಅಮ್ಮನದು, ಅಚ್ಚುಕಟ್ಟು ನನ್ನದು. ಅಮ್ಮನಿಗೆ ಅದೊಂದು ಇರಲಿಲ್ಲ ಎಂದು ನಿನಗೂ ಗೊತ್ತು. ಧೂಳು, ಜೇಡರ ಬಲೆ ಎಲ್ಲ ಸೇರಿಸಿ ಹಾಗೇ ಅರೆದು ಮೆತ್ತುತ್ತಿದ್ದಳು.

ಇದರ ಜೊತೆ ನೂರು ಎಲೆ ಇವೆ. ಒಂದು ಕಣ ಧೂಳು ಸಿಕ್ಕರೆ ಹೇಳು.

ಮಾನ್ಯರೇ ಆದ
ನಿನ್ನ ಅಕ್ಕ


ಫೆಬ್ರವರಿ ೨೭

ಅಕ್ಕಾ,

ಧೂಳು ಸಿಗಲಿಲ್ಲ. ಬೇರೆ ಏನೂ ಸಿಗಲಿಲ್ಲ.

ನೀನು "ಕಣ್ಣು ಮುಚ್ಚಿ ಏನೋ ಬರೆದಿದ್ದಾರೆ" ಎನ್ನಬಾರದು ಎಂದು ಮಾಡಿದ್ದನ್ನೆಲ್ಲ ಹೇಳುತ್ತೇನೆ. ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದೆ. ಪುಡಿಯನ್ನು ತೂಗಿ ಒಂದು ಇಡೀ ದಿನ ಸ್ಪಿರಿಟ್‌ನಲ್ಲಿ ನೆನೆಸಿಟ್ಟೆ. ಎಲೆಯೊಳಗಿನ ಸಾರ ಸ್ಪಿರಿಟ್‌ಗೆ ಇಳಿಯುತ್ತದೆ. ಅದನ್ನು ಕಾಗದದಲ್ಲಿ ಸೋಸಿ, ಸ್ಪಿರಿಟ್ ಹಾರಿಸಿದರೆ ತಳದಲ್ಲಿ ಸ್ವಲ್ಪ ಅಂಟು ಉಳಿಯುತ್ತದೆ. ಆ ಅಂಟಿನಲ್ಲಿ ಗಾಯ ಮಾಯಿಸುವ ಹಳದಿ ಅಂಶ ಎಷ್ಟಿದೆ ಎಂದು ಒಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಅಂಶ ಇದ್ದರೆ ಗೆರೆ ಗುಡ್ಡದಂತೆ ಏಳುತ್ತದೆ. ಹೆಚ್ಚಿದ್ದಷ್ಟೂ ಎತ್ತರದ ಗುಡ್ಡ.

ನಿನ್ನದು ಇರುವೆ ಗೂಡು. ಒಂದು ಗ್ರಾಂ ಪುಡಿಗೆ ಎರಡು ಮಿಲಿಗ್ರಾಂ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಸಾರಿಗೆ ಹಾಕುವ ಸೊಪ್ಪಿನಲ್ಲೂ ಇಷ್ಟು ಇರುತ್ತದೆ. ನಮ್ಮ ಮೇಲಿನವರಿಗೆ ನಾವೆಲ್ಲ ಇಟ್ಟ ಹೆಸರು ತಕ್ಕಡಿ ಸಾಹೇಬರು, ಊಟದ ಉಪ್ಪನ್ನೂ ತೂಗಿ ಹಾಕಿಕೊಳ್ಳುವ ಜಾತಿ. ಅವರು ಗೆರೆ ನೋಡಿ, "ಇದನ್ನ ಕಟ್ಟಿಕೊಂಡವರಿಗೆ ಆದ ಲಾಭ ಅಂದ್ರೆ ಬ್ಯಾಂಡೇಜು ಒಂದೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾರ ಮನೆಯ ಎಲೆ ಎಂದು ಹೇಳಲಿಲ್ಲ.

ನಿನ್ನ ಶುದ್ಧ ಮನಸ್ಸು ಯಂತ್ರಕ್ಕೆ ಹತ್ತಲಿಲ್ಲ ಅಕ್ಕಾ. ಕರಾರು ನಿನ್ನದೇ. ಕಾಗದ ಯಾವಾಗ ಬರೆಯುತ್ತೀ?

ತಂಗಿ


ಮಾರ್ಚ್ ೧೨

ತಂಗೀ,

ನಿನ್ನ ತಕ್ಕಡಿ ಸಾಹೇಬರಿಗೆ ಹೇಳು, ಅವರ ಅಜ್ಜಿಯನ್ನೂ ಯಾವುದೋ ಎಲೆಯೇ ಬದುಕಿಸಿರಬೇಕು, ಇಲ್ಲದಿದ್ದರೆ ಅವರು ಹುಟ್ಟಿ ಉಪ್ಪು ತೂಗುವ ಭಾಗ್ಯ ಯಾರಿಗಿತ್ತು? ನೀನೂ ನಕ್ಕೆಯಂತೆ. ನಗು. ಅಮ್ಮನ ಎಲೆಯಿಂದ ಮಂಡಿ ಗಾಯ ಮಾಯಿಸಿಕೊಂಡು ಬೆಳೆದವಳು ನೀನು. ಎಡ ಮಂಡಿ. ಇನ್ನೂ ಕಲೆಯಿರಬೇಕು, ಅದನ್ನೂ ತೂಗಿ ನೋಡು.

ಯಂತ್ರ ಗುಡ್ಡ ಬರೆಯುತ್ತದಂತೆ. ಶಾಲೆಯಲ್ಲಿ ನನಗೂ ಗುಡ್ಡ ಬರೆಯಲು ಬರುತ್ತಿತ್ತು. ಪಕ್ಕದಲ್ಲಿ ಒಂದು ಮನೆ, ಒಂದು ಸೂರ್ಯ ಕೂಡ ಬರೆಯುತ್ತಿದ್ದೆ.

ನೂರು ಎಲೆ ಅಷ್ಟು ದೂರ ಹೋಗುವಾಗ ಬಾಡಿರಬೇಕು. ಮತ್ತೆ ಕಳಿಸುತ್ತಿದ್ದೇನೆ. ಈ ಸಲ ಎರಡು ದಿನ ಕೂತು, ಒಂದೊಂದು ಎಲೆಯನ್ನೂ ಮೊದಲಿಗಿಂತ ಹೆಚ್ಚು ಗಮನ ಕೊಟ್ಟು ಶುಚಿ ಮಾಡಿದ್ದೇನೆ. ಇದರಲ್ಲೂ ಗುಡ್ಡ ಏಳದಿದ್ದರೆ ಯಂತ್ರವನ್ನು ರಿಪೇರಿಗೆ ಕೊಡಿ.

ಇಲ್ಲಿ ಒಂದು ತಮಾಷೆ ಆಯಿತು, ತಮಾಷೆಯೂ ಅಲ್ಲ. ಮೂಲೆಯ ಇಸ್ತ್ರಿಯವನು ನಿನಗೆ ನೆನಪಿರಬೇಕು, ಕಿವಿಯ ಮೇಲೆ ಸದಾ ಅರ್ಧ ಬೀಡಿ ಇಟ್ಟುಕೊಂಡಿರುವವನು. ನನ್ನ ಎಲೆಗೆಂದೇ ಇಟ್ಟ ಬಟ್ಟೆ ಒಂದಿದೆ. ಆರು ವರ್ಷದಿಂದ ಅದೇ. ಎಷ್ಟು ಕುದಿಸಿದರೂ, ಎಷ್ಟು ಸೋಪು ಹಾಕಿದರೂ ಹಳದಿ ಹೋಗುವುದಿಲ್ಲ, ರಟ್ಟಿನಂತೆ ಗಟ್ಟಿಯಾಗುತ್ತದೆ. ಇಸ್ತ್ರಿ ಹಾಕಿಸಿದರೆ ಮೆದುವಾದೀತು ಎಂದು ಕೊಟ್ಟೆ. ಅವನು ಬಿಸಿ ಪೆಟ್ಟಿಗೆ ಇಟ್ಟಿದ್ದೇ ತಡ, ಬಟ್ಟೆ ಅದಕ್ಕೆ ಅಂಟಿಕೊಂಡಿತು. ಎಳೆಯಲು ಹೋಗಿ ಪೆಟ್ಟಿಗೆ ಮುಂಗೈ ಮೇಲೆ ಬಿತ್ತು. ಅಂಗೈಯಗಲ ಸುಟ್ಟಿದೆ.

"ಏನಕ್ಕಾ ಇದು, ಬಟ್ಟೆನಾ ಹಲಸಿನ ಮೇಣಾನಾ?" ಎಂದು ಕೂಗಾಡುತ್ತ ಬಂದ.

"ಬಾಯಿಗಿಂತ ಮೊದ್ಲು ಕೈ ಈ ಕಡೆ ತಾ" ಎಂದೆ. ಎಲೆ ಕಟ್ಟಿದ್ದೇನೆ. ಇವನ ಕೈ ಮಾಯುವುದನ್ನು ನಿನಗೆ ದಿನ ದಿನವೂ ಬರೆಯುತ್ತೇನೆ. ನಿನ್ನ ಯಂತ್ರಕ್ಕಿಂತ ಇಸ್ತ್ರಿಯವನ ಚರ್ಮ ಹೆಚ್ಚು ಸತ್ಯ ಹೇಳುತ್ತದೆ.

ಈಚೆಗೆ ಎಲೆ ಕೇಳಿಕೊಂಡು ಬರುವವರು ಕಡಿಮೆ. ಅಮ್ಮನ ಕಾಲದಲ್ಲಿ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರುತ್ತಿರಲಿಲ್ಲ. ಜನಕ್ಕೆ ನಂಬಿಕೆ ಹೋಗಿದೆ. ನಿನ್ನಂಥವರ ಗಾಳಿ ಬಡಿದಿರಬೇಕು.

ಅಕ್ಕ


ಏಪ್ರಿಲ್ ೪

ಅಕ್ಕಾ,

ಎರಡನೇ ಕಂತಿನ ಎಲೆಯಲ್ಲಿ ಮೊದಲಿನದರ ಅರ್ಧವೂ ಇಲ್ಲ. ಇರುವೆ ಗೂಡು ಅಂದಿದ್ದೆ, ಈಗ ಇರುವೆಯೂ ಇಲ್ಲ. ಗೆರೆ ನೆಲಕ್ಕೆ ಮಲಗಿದೆ.

ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಂದು ವಿಷಯ ನಡೆಯಿತು, ಬಚ್ಚಿಡುವುದು ನನಗೆ ಆಗುವುದಿಲ್ಲ. ತಕ್ಕಡಿ ಸಾಹೇಬರಿಗೆ ಹೋಲಿಸಿ ನೋಡುವ ಚಟ. ಇಲ್ಲಿಯ ಒಂದು ಗ್ಯಾರೇಜಿನ ಹಿಂದೆ ಕೊಳಚೆ ಪಕ್ಕದಲ್ಲಿ ಅದೇ ಗಿಡ ಬೆಳೆದಿದೆ ಎಂದು ಯಾರೋ ಹೇಳಿದರಂತೆ. ನನ್ನನ್ನೇ ಕಳಿಸಿದರು. ಎಲೆಯ ಮೇಲೆ ಎಣ್ಣೆ ಮಸಿ, ಅಡಿಯಲ್ಲಿ ಅಂಟಂಟು ತುಪ್ಪುಳು, ಅದಕ್ಕೆ ಮೆತ್ತಿಕೊಂಡ ಸೊಳ್ಳೆಗಳು. ಮುಟ್ಟಲು ಅಸಹ್ಯ. ಹಾಗೇ ತಂದು, ಮೇಲಿನ ಮಸಿಯನ್ನಷ್ಟೇ ಊದಿ, ಒಣಗಿಸಿ, ನಿನ್ನದಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಿದೆ.

ಗುಡ್ಡ ಕಾಗದದಿಂದ ಆಚೆ ಹೋಯಿತು ಅಕ್ಕಾ. ಗ್ರಾಂಗೆ ಹತ್ತೊಂಬತ್ತು ಮಿಲಿಗ್ರಾಂ. ಈವರೆಗೆ ಬಂದ ಯಾವ ಎಲೆಯಲ್ಲೂ ಅಷ್ಟಿಲ್ಲ. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಎರಡು ಸಲ ನೋಡಿದರು. ಅವರು ಕುರ್ಚಿಯಿಂದ ಏಳುವುದು ಹೆಚ್ಚಾಗಿ ಮನೆಗೆ ಹೋಗುವುದಕ್ಕೆ.

ಅದೇ ಗಿಡ, ಅದೇ ಎಲೆ. ಎಲೆಯಲ್ಲಿ ಗುಣವಿದೆ, ನಿನ್ನ ಎಲೆಯಲ್ಲಿ ಇಲ್ಲ. ಕರಾರಿನ ಪ್ರಕಾರ ಯಾರು ಕಾಗದ ಬರೆಯಬೇಕು ಎಂದು ನನಗೆ ತಿಳಿಯುತ್ತಿಲ್ಲ. ಒಂದು ಮಾತ್ರ ಕೇಳುತ್ತೇನೆ. ಮನೆಯಲ್ಲಿ ನೀನು ಆ ಎಲೆಗೆ ಏನು ಮಾಡುತ್ತೀ? ಆ ಕಾಲಂ ಸರಿಯಾಗಿ ತುಂಬಿ ಕಳಿಸು.

ತಂಗಿ


ಏಪ್ರಿಲ್ ೧೫

ತಂಗೀ,

ಯಾರು ಬರೆಯಬೇಕು ಎಂದು ತಿಳಿಯುತ್ತಿಲ್ಲವಂತೆ! ದೊಡ್ಡ ಓದು ಓದಿದವಳಿಗೆ ಇಷ್ಟು ತಿಳಿಯುವುದಿಲ್ಲ. ಎಲೆಯಲ್ಲಿ ಗುಣವಿದೆ ಎಂದು ನೀನೇ ಬರೆದೆ, ನಿನ್ನ ಕೈಯಲ್ಲೇ, ನೀಲಿ ಶಾಯಿಯಲ್ಲಿ. ನಿನ್ನ ಬಾಯಿಗೆ ಬೀಗ ಬಿತ್ತು. ನಾನು ಅಮ್ಮನಿಗೆ ಕಟ್ಟಿದ್ದು ಹುಲ್ಲಲ್ಲ, ಔಷಧ. ಇನ್ನೆರಡು ವಾರ ನನ್ನ ಕೈಯಲ್ಲಿ ಬಿಟ್ಟಿದ್ದರೆ ಅಮ್ಮ ತನ್ನ ಎರಡು ಕಾಲಿನ ಮೇಲೆ ನಡೆದು ಬಾಗಿಲು ತೆಗೆಯುತ್ತಿದ್ದಳು. ಬರೆ ಕಾಗದ. ತಪ್ಪು ಎಂಬ ಪದ ಎಲ್ಲರಿಗೂ ಓದಲು ಬರುವಂತೆ ದೊಡ್ಡದಾಗಿ ಬರೆ.

ನನ್ನ ಎಲೆ ಸೊರಗಿದ್ದರೆ ಅದು ನಲ್ಲಿ ನೀರಿನ ದೋಷ. ಈಗ ನೀರಿಗೆ ಏನೇನೋ ಪುಡಿ ಬೆರೆಸಿ ಬಿಡುತ್ತಾರೆ. ಗ್ಯಾರೇಜಿನ ಕೊಳಚೆಯ ಎಲೆಯನ್ನು ನಾನು ಜನರ ಮೈಗೆ ಕಟ್ಟುವವಳಲ್ಲ. ದೇವರು ಕೊಟ್ಟ ಮೈ ಅದು, ಗ್ಯಾರೇಜಲ್ಲ.

ಇಸ್ತ್ರಿಯವನ ವಿಷಯ ಬರೆಯುತ್ತೇನೆ ಎಂದಿದ್ದೆ. ಹನ್ನೆರಡು ದಿನ ಕಟ್ಟಿದೆ. ಗಾಯ ನೀರಾಡುವುದು ನಿಲ್ಲಲಿಲ್ಲ. ಅವನಿಗೆ ಪಥ್ಯವಿಲ್ಲ, ಬೀಡಿ ಬಿಡುವುದಿಲ್ಲ, ದೇವರಿಗೆ ಕೈ ಮುಗಿದಿದ್ದನ್ನು ಒಬ್ಬರೂ ಕಂಡಿಲ್ಲ. "ನಿನ್ನಂಥವನಿಗೆ ಎಲೆ ಏನು, ಆಕಾಶದಿಂದ ವೈದ್ಯರು ಇಳಿದು ಬಂದ್ರೂ ಮಾಯಲ್ಲ" ಎಂದೆ. "ಹಾಗಾದ್ರೆ ಬಿಡಿ, ನಾನೇ ನೋಡ್ಕೊಳ್ತೀನಿ" ಎಂದು ಎದ್ದು ಹೋದ. ಹೋಗಲಿ. ಕಟ್ಟು ಬಿಚ್ಚಿದ ಬಟ್ಟೆಯನ್ನೂ ನನ್ನ ಮೆಟ್ಟಿಲ ಮೇಲೇ ಬಿಟ್ಟು ಹೋದ, ಕೊಳಕ.

ಕಾಲಂ ತುಂಬುವುದಿಲ್ಲ. ಮೊದಲು ನಿನ್ನ ಕಾಗದ.

ಗೆದ್ದ
ಅಕ್ಕ


ಮೇ ೨

ಅಕ್ಕಾ,

ಕಾಗದ ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಅಮ್ಮನ ಕಟ್ಟು ಬಿಚ್ಚಿದವರು ನನ್ನನ್ನು ಕೇಳಿದರು, "ಇಷ್ಟು ದಿನ ಏನು ಹಚ್ತಾ ಇದ್ರಿ?" ಎಲೆ ಎಂದೆ. ಅವರು ಬೈಯಲಿಲ್ಲ, ನಗಲಿಲ್ಲ. ಪಕ್ಕದವರಿಗೆ "ಬರ್ಕೊಳ್ಳಿ, ಏನೂ ಹಚ್ಚಿಲ್ಲ" ಎಂದರು. ಅಷ್ಟೇ. ಆರು ವಾರ ನೀನು ದಿನಕ್ಕೆರಡು ಸಲ ಕಟ್ಟಿದ್ದು ಆ ಹಾಳೆಯಲ್ಲಿ "ಏನೂ ಇಲ್ಲ" ಎಂದು ಸೇರಿತು. ಅದನ್ನು ಈ ಮೂರು ವರ್ಷ ನಿನಗೆ ಹೇಳಿರಲಿಲ್ಲ. ನೀನು "ಗೆದ್ದ ಅಕ್ಕ" ಎಂದು ಸಹಿ ಹಾಕಿದ್ದು ನೋಡಿ ಈಗ ಹೇಳುತ್ತಿದ್ದೇನೆ.

ಗ್ಯಾರೇಜಿನ ಗಿಡ ಕುಡಿಯುವುದೂ ಅಂಥದ್ದೇ ಪುಡಿ ಬೆರೆಸಿದ ನಲ್ಲಿ ನೀರಿನ ಕೊಳಚೆ. ನೀರಿನ ಮೇಲೆ ಹಾಕಬೇಡ. ಏನು ಮಾಡುತ್ತೀ ಎಲೆಗೆ? ಇಷ್ಟನ್ನು ಹೇಳಲು ನಿನಗೇಕೆ ಅಷ್ಟು ಬಿಗುಮಾನ?

ತಂಗಿ


ಜೂನ್ ೨೦

ತಂಗೀ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಮೊನ್ನೆ ಇಸ್ತ್ರಿಯವನು ಬಂದ. ಬೇಕೆಂದೇ ತೋಳು ಮೇಲಕ್ಕೆ ಮಡಚಿಕೊಂಡು ಬಂದಿದ್ದ. ಮುಂಗೈ ಮೇಲೆ ಹೊಸ ಚರ್ಮ, ಎಳೇ ಮಗುವಿನ ಕೆನ್ನೆಯಂತೆ.

"ಯಾವ ಆಸ್ಪತ್ರೆ?" ಎಂದೆ.

"ಆಸ್ಪತ್ರೆನಾ? ನಿಮ್ಮ ಗೋಡೆ ಆಚೆ ಬದಿ. ನಿಮ್ಮ ಗಿಡದ ಕೊಂಬೆ ಅಲ್ಲಿಗೂ ಚಾಚಿದೆಯಲ್ಲ. ಹೋಗ್ತಾ ಬರ್ತಾ ನಾಕು ಎಲೆ ಕಿತ್ತು, ಅಂಗೈಲಿ ಉಜ್ಜಿ ಮೆತ್ತಿಕೊಂಡೆ. ಒಂಬತ್ತು ದಿನ."

"ತೊಳೀಲಿಲ್ವಾ?"

"ಯಾಕೆ ತೊಳೀಬೇಕು? ಪಲ್ಯಾನಾ ಅದು?"

"ಥೂ, ನಾಯಿ ಕಾಲೆತ್ತೋ ಜಾಗ ಅದು."

"ನಾಯಿ ಕಾಲಷ್ಟು ಎತ್ತರಕ್ಕೆ ಹೋಗಲ್ಲ ಬಿಡಿ." ಬೀಡಿಯನ್ನು ಈ ಕಿವಿಯಿಂದ ಆ ಕಿವಿಗೆ ದಾಟಿಸಿದ. "ಒಂದು ಮಾತು ಹೇಳ್ಲಾ? ಬೈಬಾರ್ದು. ನಿಮ್ಮನೇಲಿ ಕೂತಾಗ ನೋಡಿದೀನಿ. ಎಲೆನ ಬಿಸಿನೀರಲ್ಲಿ ಅದ್ದಿ, ಅಡಿ ಮೇಲೆ ಮಾಡಿ ಆ ಬಟ್ಟೇಲಿ ಉಜ್ತೀರಿ, ಉಜ್ತೀರಿ, ಪಾತ್ರೆ ಉಜ್ಜಿದ ಹಾಗೆ. ಗೋಡೆ ಆಚೆ ಎಲೆ ಕೈಗೆ ಅಂಟುತ್ತೆ. ನಿಮ್ಮದು ಅಂಟಲ್ಲ. ಎಲೆನ ಬೋಳು ಮಾಡಿಬಿಡ್ತೀರಿ ಅಕ್ಕಾ ನೀವು."

ನಾನು ಅವನಿಗೆ ಬೈಯಲಿಲ್ಲ. ಅದಕ್ಕೆ ಅವನು ಹೆದರಿಕೊಂಡು, "ಮೈ ಸರಿ ಇಲ್ವಾ?" ಎಂದು ಕೇಳಿ ಹೋದ.

ನೀನು ಕೇಳಿದ ಕಾಲಂ ಇದೇ. ಎಲೆಯ ಅಡಿಯಲ್ಲಿ ಅಂಟಿನ ತುಪ್ಪುಳಿರುತ್ತದೆ. ಧೂಳು, ಹುಳ ಎಲ್ಲ ಅದಕ್ಕೆ ಹಿಡಿಯುತ್ತವೆ. ಅದು ಪೂರ್ತಿ ಹೋಗುವವರೆಗೆ, ಎಲೆ ನುಣ್ಣಗೆ ಹೊಳೆಯುವವರೆಗೆ ಒರೆಸುತ್ತೇನೆ. ಅಮ್ಮನ ಕಣ್ಣು ಮಂಜಾಗಿ ಕೆಲಸ ನನ್ನ ಕೈಗೆ ಬಂದ ದಿನದಿಂದ, ಆರು ವರ್ಷ, ಹೀಗೇ.

ಇದರ ಜೊತೆ ಆ ಬಟ್ಟೆ ಇದೆ. ಇಸ್ತ್ರಿಯವನನ್ನು ಸುಟ್ಟ ಬಟ್ಟೆ. ಎಲೆಗೆ ಮಾಡಿದಂತೆ ಇದಕ್ಕೂ ಮಾಡು. ನೆನೆಸು, ಸೋಸು, ಅಳೆ. ಏನು ಬಂತು ಎಂದು ಬರೆ. ಬೇರೆ ಏನೂ ಬರೆಯಬೇಡ.

ಅಕ್ಕ


ಜುಲೈ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ನಿನ್ನ ಮಂಡಿ ನೋವು ಹೇಗಿದೆ? ಇಲ್ಲಿ ಬಿಸಿಲು ಇಳಿದಿದೆ. ನನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿಸಿದೆ, ತಿಳಿ ಹಸಿರು, ನೀನು ನೋಡಿದರೆ ಇಷ್ಟಪಡುತ್ತೀ.

ಬಟ್ಟೆ ಬಂತು. ಆದರೆ ಇಲ್ಲಿ ಬಟ್ಟೆ ಅಳೆಯುವ ಕ್ರಮವಿಲ್ಲ. ಎಲೆ, ಬೇರು, ತೊಗಟೆ ಅಷ್ಟೇ. ಸಾಹೇಬರೂ ಬೇಡ ಎಂದರು. ಅದು ಎಲ್ಲೋ ಕಪಾಟಿನಲ್ಲಿದೆ, ಬಿಡು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಎಲೆ ಒರೆಸುವುದರಿಂದ ಅಂಥ ವ್ಯತ್ಯಾಸವೇನೂ ಆಗಿರಲಿಕ್ಕಿಲ್ಲ. ನಲ್ಲಿ ನೀರು ಎಂದಿದ್ದೆಯಲ್ಲ, ಅದೂ ಇರಬಹುದು.

ಒಂದು ಸಲ ಬಂದು ಹೋಗು.

ನಿನ್ನ ತಂಗಿ


ಜುಲೈ ೧೯

ತಂಗೀ,

ನೀನು ಎಂಟು ವರ್ಷದವಳಿದ್ದಾಗ ನನ್ನ ಬಳೆ ಒಡೆದು, ಅವತ್ತು ಇಡೀ ದಿನ ನನ್ನ ಜಡೆ ಹೆಣೆದುಕೊಡುತ್ತೇನೆಂದು ಹಿಂದೆ ಬಿದ್ದಿದ್ದೆ. ಸುಳ್ಳು ಹೇಳುವಾಗ ನೀನು ಸಿಹಿಯಾಗುತ್ತೀ. ಹಿಂದಿನ ಯಾವ ಪತ್ರದಲ್ಲೂ ಕೇಳದ ಮಂಡಿ ನೋವು ಈಗ ಕೇಳಿದೆ. ಪ್ರೀತಿಯ ಅಕ್ಕಾ ಎಂದು ಬರೆದೆ. ಅದನ್ನು ಓದಿಯೇ ನೀನು ಬಟ್ಟೆ ಅಳೆದಿದ್ದೀ ಎಂದು ಗೊತ್ತಾಯಿತು.

ನನ್ನನ್ನು ಬೈದಿದ್ದೆ, ತಡೆದುಕೊಂಡೆ. ಕನಿಕರಪಡುವ ಅಧಿಕಾರ ನಿನಗಿಲ್ಲ. ಅಳೆದಿದ್ದರೆ ಅಳೆದೆ ಎನ್ನು. ಇಲ್ಲದಿದ್ದರೆ ಬಟ್ಟೆ ವಾಪಸು ಕಳಿಸು.

ಅಕ್ಕ


ಆಗಸ್ಟ್ ೨೫

ಅಕ್ಕಾ,

ಬಟ್ಟೆ ಕಳಿಸುತ್ತಿದ್ದೇನೆ. ಗುಡ್ಡದ ಕಾಗದ ನನ್ನ ಹತ್ತಿರವಿದೆ. ನೀನು ಕೇಳಿದರೆ ಕಳಿಸಲೇಬೇಕಾಗುತ್ತದೆ. ಕೇಳಬೇಡ.

ಒಂದು ಮಾತು, ಇದು ಸಿಹಿಯಲ್ಲ, ಕೆಲಸದ ಮಾತು. ಎಲೆಯಲ್ಲಿ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಇದ್ದಿದ್ದರೆ ಅಮ್ಮನ ಕಾಲು ಉಳಿಯುತ್ತಿತ್ತು ಎಂದು ಹೇಳುವುದಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಹುಣ್ಣು ಮೂಳೆಗೆ ಇಳಿದಿತ್ತು. ಅಂಟು ಇದ್ದ ಎಲೆ ಕಟ್ಟಿದ್ದರೂ ಆಸ್ಪತ್ರೆ ಬೇಕೇ ಆಗುತ್ತಿತ್ತು. ನಾನೂ ಆರು ವಾರ ಬರಲಿಲ್ಲ. ರಜೆ ಸಿಗಲಿಲ್ಲ ಎಂದು ನಿನಗೆ ಹೇಳಿದ್ದೆ. ರಜೆ ಕೇಳಿಯೇ ಇರಲಿಲ್ಲ. ನಿನ್ನ ಹತ್ತಿರ ಜಗಳವಾಡಬೇಕಲ್ಲ ಎಂಬ ಬೇಸರಕ್ಕೆ ದಿನ ತಳ್ಳಿದೆ.

ತಂಗಿ


ಸೆಪ್ಟೆಂಬರ್ ೯

ತಂಗೀ,

ಬಟ್ಟೆ ಬಂತು. ಕಾಗದ ಬೇಡ, ನೀನೇ ಇಟ್ಟುಕೋ. ಬಟ್ಟೆ ಬೆಳ್ಳಗಿದೆ.

ಆರು ವರ್ಷ ಕುದಿಸಿ, ಉಜ್ಜಿ, ಬಿಸಿಲಿಗೆ ಹಾಕಿ ನನ್ನಿಂದ ಆಗದ್ದು ನಿನ್ನ ಬಾಟಲಿಯಲ್ಲಿ ಒಂದು ದಿನಕ್ಕೆ ಆಯಿತು. ಕೊಂಡು ತಂದ ದಿನವೂ ಇದು ಇಷ್ಟು ಬೆಳ್ಳಗಿತ್ತೋ ಇಲ್ಲವೋ. ಮಡಚಿದರೆ ಮಡಚಿಕೊಳ್ಳುತ್ತದೆ. ಇಸ್ತ್ರಿಯವನಿಗೆ ತೋರಿಸಿದೆ. "ಈಗ ಕೊಡಿ, ಎರಡು ಪೆಟ್ಟಿಗೆ ಬೇಕಾದ್ರೂ ಇಡ್ತೀನಿ" ಎಂದ. ಹಳದಿಯೆಲ್ಲ ಎಲ್ಲಿಗೆ ಹೋಯಿತು ಎಂದು ನನಗೆ ಯಾರೂ ಗುಡ್ಡ ಬರೆದು ತೋರಿಸಬೇಕಾಗಿಲ್ಲ. ಜನರ ಗಾಯಕ್ಕೆ ಹೋಗಬೇಕಾದದ್ದನ್ನು ಆರು ವರ್ಷ ನಾನು ಒಂದು ಚಿಂದಿಗೆ ಕುಡಿಸಿದ್ದೇನೆ. ಗಾಯಕ್ಕೆ ಕಟ್ಟಿದ್ದು ಹೊಳೆಯುವ ಸೊಪ್ಪು. ಹುಲ್ಲು ಎಂದೆಯಲ್ಲ, ಹುಲ್ಲೇ.

ಇಸ್ತ್ರಿಯವನ ಬಾಯಿಂದ ಬೋಳು ಎಂಬ ಮಾತು ಬಂದಾಗ ನಾನು ಸುಮ್ಮನಾದದ್ದಕ್ಕೆ ಕಾರಣವಿತ್ತು. ಅದನ್ನು ನಿನಗೆ ಹೇಳಿರಲಿಲ್ಲ. ಕೆಲಸ ನನ್ನ ಕೈಗೆ ಬಂದ ಮೊದಲ ವಾರವೇ ಅಮ್ಮ ಒಂದು ಎಲೆಯನ್ನು ಬೆರಳಲ್ಲಿ ಸವರಿ ನೋಡಿ ಹೇಳಿದ್ದಳು, "ಒರೆಸಬೇಡ ಕಣೇ, ಎಲೆನ ಬೋಳು ಮಾಡ್ತಿದ್ದೀಯ." ನಾನು ಏನೆಂದೆ ಗೊತ್ತೇ? "ಸುಮ್ನಿರಮ್ಮ, ನಿನಗೆ ಕೊಳಕೂ ಕಾಣಲ್ಲ, ಶುಚಿನೂ ಕಾಣಲ್ಲ." ಆ ಮೇಲೆ ಅವಳು ಅದನ್ನು ಎತ್ತಲಿಲ್ಲ. ಎತ್ತಲಿಲ್ಲ ಎಂದುಕೊಂಡಿದ್ದೆ. ಅವಳದೇ ಕಾಲಿಗೆ ಕಟ್ಟುವಾಗ, ನಾಲ್ಕನೇ ವಾರವಿರಬೇಕು, "ಅಂಟಿಲ್ಲ, ಅಂಟಿಲ್ಲ ಕಣೇ" ಎಂದಳು. ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಯಾವ ಬಟ್ಟೆ ಎಂದು ಕೇಳಬೇಡ.

ನಿನ್ನ ಸಾಹೇಬರನ್ನು ಹೀಯಾಳಿಸಿದೆ, ಇಸ್ತ್ರಿಯವನನ್ನು ಕೊಳಕ ಎಂದೆ, ನಿನ್ನನ್ನು ಏನೇನೋ ಅಂದೆ. ನಿಮ್ಮಲ್ಲಿ ಒಬ್ಬರಿಗೂ ಅದು ಹೊಂದುವುದಿಲ್ಲ. ದೇವರ ಮುಂದೆ ದಿನಾ ಕೂರುತ್ತೇನಲ್ಲ, ಶುದ್ಧ ಮನಸ್ಸು ಎಂದು ಫಾರಂನಲ್ಲಿ ಬರೆದೆನಲ್ಲ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅದು ಮನಸ್ಸಿನ ಶುದ್ಧಿಯಲ್ಲ, ಕೈಯ ಸೊಕ್ಕು. ನೀನು ರಜೆ ಕೇಳಲಿಲ್ಲ ಎಂದೆ. ನೀನು ಬಂದಿದ್ದರೂ ನಾನು ಬಾಗಿಲಲ್ಲೇ ನಿಲ್ಲಿಸಿ ಜಗಳವಾಡುತ್ತಿದ್ದೆ. ಅದನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ.

ಹಳೆಯ ಫಾರಂನ ಹಾಳೆ ಒಂದು ಉಳಿದಿತ್ತು. ಹೊಸದಾಗಿ ತುಂಬಿ ಇಟ್ಟಿದ್ದೇನೆ. ನಿಮ್ಮವರು ಪುಸ್ತಕ ಅಚ್ಚು ಹಾಕುವಾಗ ಇದನ್ನೇ ಹಾಕಲಿ. ಸಿದ್ಧಪಡಿಸುವ ಕ್ರಮ: ತೊಳೆಯಬಾರದು, ಒರೆಸಬಾರದು, ಊದಿದರೆ ಸಾಕು. ಹೇಳಿಕೊಟ್ಟವರು: ನಮ್ಮ ಅಮ್ಮ. ಎರಡು ಸಲ.

ಹೇಳಿದ್ದನ್ನು ಕೇಳದವರು ಯಾರು ಎಂಬ ಕಾಲಂ ನಿಮ್ಮ ಫಾರಂನಲ್ಲಿ ಇಲ್ಲ. ಹಾಳೆಯ ಹಿಂಬದಿ ಖಾಲಿ ಇತ್ತು. ಅಲ್ಲಿ ಬರೆದು, ಸಹಿ ಹಾಕಿದ್ದೇನೆ. ಕರಾರಿನ ಕಾಗದ ಅದೇ.

ನಿನ್ನ ಅಕ್ಕ